ಎರೆಮಣ್ಣಿನ ಮನೆಯಲ್ಲಿ ಲೇಥು ಕೂರಿಸಿದ್ದು

ಯಂತ್ರ ಕೂರಿಸುವ ಕೆಲಸ ಬಿಟ್ಟು ನನಗೆ ಬಹಳ ವರ್ಷಗಳಾದವು. ಆದರೂ ಆ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಮನೆಗೆ ಬರುತ್ತಾರೆ. "ನಿಮ್ಮ ಕಾಲದಾಗ ಹೆಂಗ ಮಾಡತಿದ್ರಿ?" ಎಂದು ಕೇಳುತ್ತಾರೆ. ಚಹಾ ಕೊಟ್ಟು, ನೆನಪಾದಷ್ಟು ಹೇಳಿ ಕಳಿಸುತ್ತೇನೆ. ಸಿಮೆಂಟಿನ ಪಾಯವಿಲ್ಲದೆ, ಕರೆಂಟಿನ ಮೋಟಾರಿಲ್ಲದೆ, ಮನೆಯ ಪಡಸಾಲೆಯಲ್ಲಿ ಲೇಥು ಓಡಿಸುತ್ತಿದ್ದರು ಎಂದರೆ ಅವರು ತಲೆಯಾಡಿಸುತ್ತಾರೆ, ಆದರೆ ಅವರಿಗೆ ನಂಬಿಕೆಯಾಗಿಲ್ಲ ಎಂಬುದು ಮುಖ ನೋಡಿದರೆ ಗೊತ್ತಾಗುತ್ತದೆ. ಅದಕ್ಕೇ ಬರೆದಿಡಲು ಕುಳಿತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದನ್ನು ಬಿಟ್ಟುಬಿಡುತ್ತೇನೆ. ಅದರಿಂದ ಯಾರೂ ಕೆಲಸ ಕಲಿಯುವುದಿಲ್ಲ.

ಈ ಕಸುಬು ಗೊತ್ತಿಲ್ಲದವರಿಗೂ ತಿಳಿಯಲೆಂದು ಒಂದು ಮಾತು ಮೊದಲೇ ಹೇಳಬೇಕು. ಲೇಥು ಎಂದರೆ ಕಬ್ಬಿಣದ ಸರಳನ್ನು ಗರಗರ ತಿರುಗಿಸುತ್ತ, ಉಳಿ ಹಿಡಿದು ಅದನ್ನು ದುಂಡಗೆ ಹೆರೆಯುವ ಯಂತ್ರ. ಸರಳನ್ನು ಕಚ್ಚಿ ಹಿಡಿಯುವ ಚಕ್ಕು ಎಡಗಡೆ ಇರುತ್ತದೆ. ಉಳಿಯನ್ನು ಹೊತ್ತ ಗಾಡಿ ಬಲಕ್ಕೂ ಎಡಕ್ಕೂ ಜಾರುತ್ತದೆ. ಆ ಗಾಡಿ ಜಾರುವ ಉದ್ದನೆಯ ಕಬ್ಬಿಣದ ಬೆನ್ನಿಗೆ ಬೆಡ್ಡು ಎನ್ನುತ್ತೇವೆ. ಈ ಬೆನ್ನು ಕೂದಲೆಳೆಯಷ್ಟು ತಿರುಚಿಕೊಂಡರೂ ಸರಳು ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ಸಣ್ಣ ಆಗಿ ಬರುತ್ತದೆ. ಅದಕ್ಕೆ ಟೇಪರ್ ಎಂದು ಹೆಸರು. ಟೇಪರ್ ಬರದಂತೆ ಲೇಥನ್ನು ನೆಲದ ಮೇಲೆ ಕೂರಿಸುವುದೇ ನನ್ನ ಜೀವಮಾನದ ಕೆಲಸವಾಗಿತ್ತು.

ನಮ್ಮದು ಧಾರವಾಡದ ಮಾಸ್ತರರ ಮನೆತನ. ಅಜ್ಜ ಮಾಸ್ತರು, ಅಪ್ಪ ಮಾಸ್ತರು, ಕಾಕಾ ಕಚೇರಿಯಲ್ಲಿ ಕಾರಕೂನರು. ನನಗೆ ಮಾತ್ರ ಪುಸ್ತಕ ಹಿಡಿದರೆ ಕಣ್ಣು ಎಳೆಯುತ್ತಿತ್ತು, ಕೆಟ್ಟ ಗಡಿಯಾರ ಕಂಡರೆ ಕಣ್ಣು ಅರಳುತ್ತಿತ್ತು. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ನಾನು ಬಿದ್ದಾಗ ಅಪ್ಪ ಬೈಯಲಿಲ್ಲ. ಹುಬ್ಬಳ್ಳಿಯ ದೊಡ್ಡ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿಯಲು ಹಾಕುತ್ತೇನೆ ಎಂದರು. ಕಾಕಾ ಊಟದ ಎಲೆಯ ಮುಂದೆಯೇ ಸಿಟ್ಟಾದರು.

"ಮಾಸ್ತರ ಮನಿ ಹುಡುಗಾ ಕಬ್ಬಿಣಾ ಬಡೀಲಿಕ್ಕೆ ಹೋಗ್ತಾನೇನು? ಮಂದಿ ಏನಂದಾರು?"

ಅಪ್ಪ ಅನ್ನ ಕಲಸುತ್ತಲೇ ಹೇಳಿದರು. "ಅವನ ವಿದ್ಯಾ ಕೈಯಾಗ ಅದ. ಅದನ್ನ ಕಲಿಸೋ ಮಾಸ್ತರ ಬ್ಯಾರೆ ಇದ್ದಾನ, ಅಷ್ಟ. ಮಂದಿ ಅಂದ್ರ ಅನ್ಲಿ."

ಇದು ಇಪ್ಪತ್ತರ ದಶಕದ ಮಾತು. ನಮ್ಮಂಥ ಮನೆಯಲ್ಲಿ ಹಾಗೆ ಹೇಳಲು ಎದೆ ಬೇಕಿತ್ತು. ಮುಂದೆ ನನ್ನ ಬಾಳಿನಲ್ಲಿ ಬಂದ ಒಳ್ಳೆಯದೆಲ್ಲ ಅಪ್ಪನ ಆ ಒಂದು ಮಾತಿನಿಂದ ಬಂತು.

ಅಪ್ಪ ಹೇಳಿದ ಬೇರೆ ಮಾಸ್ತರ ಎಂದರೆ ಮೌಲಾಸಾಬ ಮಿಸ್ತ್ರಿ. ಹಳೇ ಹುಬ್ಬಳ್ಳಿಯವರು. ಕಾರ್ಖಾನೆಗೆ ಹೊಸ ಯಂತ್ರ ಬಂದರೆ ಕೂರಿಸುವುದು ಅವರ ಪಾಲಿನ ಕೆಲಸ. ನಾನು ಅವರ ಕೈಕೆಳಗೆ ಸೇರಿದ ಮೊದಲ ವಾರ ಒಂದು ಉದ್ದನೆಯ ಲೇಥು ಬಂದಿತ್ತು. ಹತ್ತಾರು ಜನ ಹಗ್ಗ ಕಟ್ಟಿ ಎಳೆದರೂ ಅದು ಸರಿಯಲು ಒಲ್ಲದು. ಮಿಸ್ತ್ರಿ ಬೆಡ್ಡಿನ ಮೇಲೆ ಅಡ್ಡಲಾಗಿ ರಸಮಟ್ಟ ಇಟ್ಟರು. ರಸಮಟ್ಟ ಎಂದರೆ ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ಸಾಧನ. ಗುಳ್ಳೆ ನಡುಮಧ್ಯೆ ನಿಂತಿತ್ತು.

"ಇಷ್ಟ ಭಾರ ಐತಿ, ಇದೇನ ಅಲ್ಲಾಡತೈತಿ ಅಂತ ನಿನ್ನ ಮನಸಿನ್ಯಾಗ ಐತಿ, ಹೌದಿಲ್ಲೋ?" ಎಂದರು ಮಿಸ್ತ್ರಿ. "ಬಾ ಇಲ್ಲೆ. ಆ ಮೂಲಿ ಮ್ಯಾಲ ಕೈ ಊರು."

ನಾನು ಬೆಡ್ಡಿನ ತುದಿಗೆ ಕೈಯೂರಿ ಬಾಗಿದೆ. ಗುಳ್ಳೆ ಸರಿಯಿತು. ಕೈ ತೆಗೆದೆ, ಗುಳ್ಳೆ ಮರಳಿ ಬಂತು.

"ಕಬ್ಬಿಣ ಅಂದ್ರ ಕಲ್ಲಲ್ಲ ಬೇಟಾ. ಅದಕ್ಕೂ ಮೈ ಐತಿ. ನೀ ಹೆಂಗ ಮಲಗಸ್ತಿ, ಅದು ಹಂಗ ಮಲಗತೈತಿ. ವಾರಿ ಮಲಗಿಸಿದ್ರ ವಾರಿ ಕೆಲಸಾ ಮಾಡತೈತಿ."

ನಮ್ಮ ಫೋರ್‌ಮನ್ ಸಾಹೇಬರು ಇಂಗ್ಲಿಷರು, ಮುಂಗೋಪಿ. ಕೆಲಸ ಮನಸ್ಸಿಗೆ ಬರದಿದ್ದರೆ ಟೊಪ್ಪಿಗೆ ತೆಗೆದು ನೆಲಕ್ಕೆ ಬಡಿಯುತ್ತಿದ್ದರು. ಆದರೆ ಅವರಿಂದ ಕಲಿತದ್ದನ್ನು ಮರೆಯುವಂತಿಲ್ಲ. ಅವರು ಹರೆಯದಲ್ಲಿ ಹಡಗುಗಳಲ್ಲಿ ಕೆಲಸ ಮಾಡಿದವರು. ಹಡಗಿನಲ್ಲೂ ಲೇಥು ಇರುತ್ತದೆ, ಹಡಗು ದಿನವೆಲ್ಲ ಓಲಾಡುತ್ತದೆ, ಆದರೂ ಸರಳು ಸರಿಯಾಗಿಯೇ ಬರುತ್ತದೆ ಎಂದು ತಮ್ಮ ಹರಕು ಹಿಂದಿಯಲ್ಲಿ ಹೇಳಿದರು. ಬೆಡ್ಡು ಮಟ್ಟವಾಗಿರುವುದು ದೊಡ್ಡ ಮಾತಲ್ಲ, ತಿರುಚದೆ ಇರುವುದು ದೊಡ್ಡ ಮಾತು. ಮಟ್ಟ ನೋಡುವುದು ತಿರುಚನ್ನು ಹಿಡಿಯುವುದಕ್ಕಾಗಿ. ರಸಮಟ್ಟ ನೋಡಿ ಮುಗಿಸಬೇಡ, ಒಂದು ದಪ್ಪ ಸರಳನ್ನು ಚಕ್ಕಿಗೆ ಹಿಡಿಸಿ ಎರಡೂ ತುದಿಗೆ ತೆಳ್ಳಗೆ ಹೆರೆದು ಅಳತೆ ನೋಡು, ಎರಡೂ ಒಂದೇ ಬಂದರೆ ಮಾತ್ರ ಕೈ ತೊಳೆದುಕೋ ಎಂದರು. ಮಿಸ್ತ್ರಿ ಗುಳ್ಳೆಯನ್ನು ನಂಬಿದವರು, ಸಾಹೇಬರು ಹೆರೆದ ಸರಳನ್ನು ನಂಬಿದವರು. ಇಬ್ಬರಿಗೂ ಜಗಳ ಹತ್ತಿದಾಗ ನಾನು ನಡುವೆ ನಿಂತು ಇಬ್ಬರದನ್ನೂ ಕಲಿತೆ.

ಕಲಿತದ್ದೆಲ್ಲ ಒಮ್ಮೆಗೇ ಕೈಗೆ ಬರುವುದಿಲ್ಲ. ನಾನು ಒಬ್ಬನೇ ಹೋಗಿ ಮಾಡಿದ ಮೊದಲ ಕೆಲಸ ಹಳೇ ಹುಬ್ಬಳ್ಳಿಯ ಒಬ್ಬ ಕಬ್ಬಿಣದ ವ್ಯಾಪಾರಿಯ ಮನೆಯ ಹಿಂದೆ, ತಗಡಿನ ಶೆಡ್ಡಿನಲ್ಲಿ. ಮುಂಜಾನೆ ಗುಳ್ಳೆ ನಡುವೆ ನಿಲ್ಲಿಸಿ ಊಟಕ್ಕೆ ಹೋದರೆ, ಬರುವಷ್ಟರಲ್ಲಿ ಅದು ಸರಿದಿರುತ್ತಿತ್ತು. ಲೇಥಿನ ಕಾಲಿನ ಕೆಳಗೆ ತೆಳು ತಗಡು ಕೊಟ್ಟು ಸರಿಮಾಡುತ್ತಿದ್ದೆ. ಮರುದಿನ ಮುಂಜಾನೆ ಅದು ಎದುರು ದಿಕ್ಕಿಗೆ ಸರಿದಿರುತ್ತಿತ್ತು. ಹೀಗೇ ದಿನಗಳು ಹೋದವು. ಸಾವಕಾರರು ಅಡಿಕೆ ಕತ್ತರಿಸುತ್ತ ಕುಳಿತು ನನ್ನ ಒದ್ದಾಟ ನೋಡುತ್ತಿದ್ದರು. ಕೊನೆಗೆ ನಗೆಯಾಡಿದರು.

"ತಮ್ಮಾ, ನಿನ್ನ ಲೇಥಿಗೆ ಬಿಸಲ ಬಡದೈತಿ. ಒಂದ ಲೋಟಾ ಮಜ್ಜಿಗಿ ಕುಡಸು."

ನಾನೂ ನಕ್ಕೆ. ನಕ್ಕು ತಲೆ ಎತ್ತಿದರೆ, ಮಾಡಿನ ತಗಡಿನಲ್ಲಿ ಒಂದು ದೊಡ್ಡ ತೂತು. ಮಧ್ಯಾಹ್ನದ ಬಿಸಿಲು ಅಲ್ಲಿಂದ ನೇರ ಬೆಡ್ಡಿನ ಒಂದು ಮಗ್ಗುಲಿಗೆ ಬೀಳುತ್ತಿತ್ತು. ಕೈಯಿಟ್ಟು ನೋಡಿದೆ, ಆ ಮಗ್ಗುಲು ಕಾದಿತ್ತು. ತೂತಿಗೆ ಗೋಣಿಚೀಲ ಹೊದಿಸಿದ ಮೇಲೆ ಗುಳ್ಳೆ ಕದಲಲಿಲ್ಲ. ಸಾವಕಾರರಿಗೆ ತಮ್ಮ ನಗೆಮಾತು ಖರೇ ಆದದ್ದು ಎಷ್ಟು ಹಿಗ್ಗು ತಂದಿತೆಂದರೆ, ಅಂದು ನನಗೆ ನಿಜಕ್ಕೂ ಮಜ್ಜಿಗೆ ತರಿಸಿಕೊಟ್ಟರು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ವಿರೂಪಾಕ್ಷಪ್ಪನ ಮನೆಯ ಲೇಥಿನ ಸಂಗತಿ.

ವಿರೂಪಾಕ್ಷಪ್ಪ ನಮ್ಮ ಕಾರ್ಖಾನೆಯ ಟರ್ನರ್. ಲೇಥಿನ ಮುಂದೆ ನಿಂತನೆಂದರೆ ಉಳಿ ಅವನ ಬೆರಳಿನ ಮುಂದುವರಿದ ಭಾಗವೇ ಅನ್ನಿಸುತ್ತಿತ್ತು. ಒಂದು ಸಂಜೆ ಊರಿಗೆ ಹೋಗುವಾಗ ಚಕ್ಕಡಿಯಿಂದ ಬಿದ್ದ. ಗಾಲಿ ಮೊಣಕಾಲಿನ ಮೇಲೆ ಹಾದುಹೋಯಿತು. ಕಾಲು ಕೂಡಿಕೊಂಡದ್ದು ಸೊಟ್ಟಗೆ. ದಿನವೆಲ್ಲ ನಿಂತು ದುಡಿಯಲಾಗದೆ ಕೆಲಸ ಬಿಟ್ಟ. ಅದು ಎರಡನೆಯ ಮಹಾಯುದ್ಧದ ಕಾಲ. ಪರದೇಶದಿಂದ ಯಂತ್ರದ ಬಿಡಿಭಾಗ ಬರುವುದು ನಿಂತಿತ್ತು. ಅರಳೆ ಹಿಂಜುವ ಜಿನ್ನಿನವರು, ಎಣ್ಣೆ ಎಂಜಿನ್ನಿನವರು, ಹಿಟ್ಟಿನ ಗಿರಣಿಯವರು ಎಲ್ಲರೂ ಟರ್ನರುಗಳನ್ನು ಹುಡುಕಿಕೊಂಡು ಬರುತ್ತಿದ್ದರು. ಮನೆಯಲ್ಲೇ ಒಂದು ಲೇಥು ಇಟ್ಟರೆ ಕುಳಿತೆದ್ದು ಕೆಲಸ ಮಾಡಬಹುದು ಎಂದು ವಿರೂಪಾಕ್ಷಪ್ಪ ಎಲ್ಲಿಯೋ ಮೂಲೆಗೆ ಬಿದ್ದಿದ್ದ ಹಳೆಯ ಲೇಥೊಂದನ್ನು ಗೋಪನಕೊಪ್ಪದ ತನ್ನ ಮನೆಗೆ ತಂದ. ರಜೆಯ ದಿನ ನಾನು ರಸಮಟ್ಟ ಹಿಡಿದುಕೊಂಡು ಹೋದೆ.

ಮನೆ ಚಿಕ್ಕದು. ಬೀದಿಗೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಒಂದು ಕತ್ತಲ ಕೋಣೆ. ಆ ಕೋಣೆಯಲ್ಲಿ ಅವನ ತಾಯಿ ಗುರುಸಿದ್ಧವ್ವ ಇರುತ್ತಿದ್ದರು. ಮನೆಯಲ್ಲಿ ಇದ್ದವರು ಮೂವರೇ, ತಾಯಿ, ಮಗ ಮತ್ತು ಸೊಸೆ ಕಲ್ಲವ್ವ. ಲೇಥನ್ನು ಪಡಸಾಲೆಯ ಹಾಸುಗಲ್ಲಿನ ಮೇಲೆ ನಿಲ್ಲಿಸಿದೆವು. ಕಲ್ಲು ಕೊರೆದು ಬೋಲ್ಟು ಇಳಿಸಿ, ಸುತ್ತ ಸೀಸ ಕರಗಿಸಿ ಹೊಯ್ದೆವು. ಲೇಥು ತಿರುಗಿಸಲು ಪಕ್ಕದಲ್ಲಿ ಹಿಡಿಕೆಯಿದ್ದ ಒಂದು ದೊಡ್ಡ ಗಾಲಿ, ಅದರಿಂದ ಚಕ್ಕಿನ ಹಿಂದಿನ ರಾಟೆಗೆ ತೊಗಲಿನ ಪಟ್ಟಾ. ಗಾಲಿ ತಿರುಗಿಸುವುದು ಕಲ್ಲವ್ವನ ಕೆಲಸವಾಯಿತು.

"ಭಾರ ಆಗತದೇನ್ರಿ ಅಕ್ಕಾರ?" ಎಂದು ಕೇಳಿದೆ.

"ಬೀಸೂಕಲ್ಲಿಗಿಂತ ಹಗರ ಐತ್ರಿ ಅಣ್ಣಾರ," ಎಂದು ಆಕೆ ನಕ್ಕಳು. "ಅದರಾಗ ಹಿಟ್ಟ ಬರತಿತ್ತು, ಇದರಾಗ ಕಬ್ಬಿಣದ ಶ್ಯಾವಿಗಿ ಬರತಾವು."

ಗುರುಸಿದ್ಧವ್ವನವರಿಗೆ ಮಾತ್ರ ಲೇಥು ಸೇರಲಿಲ್ಲ. "ಈ ಕಬ್ಬಿಣದ ಅಳಿಯಾ ಬಂದು ಪಡಸಾಲಿ ತುಂಬ ಕುಂತಾನ. ಬಂದ ಮಂದಿ ಎಲ್ಲೆ ಕುಂಡರಬೇಕು?" ಎಂದು ಒಳಗಿನಿಂದಲೇ ಗೊಣಗುತ್ತಿದ್ದರು.

ಅದು ಬೇಸಿಗೆ. ಸರಳು ಹೆರೆದು ನೋಡಿದೆವು, ಎರಡೂ ತುದಿ ಸಮ. ವಿರೂಪಾಕ್ಷಪ್ಪ ಎಂಜಿನ್ನಿನ ಪಿನ್ನು, ಗಿರಣಿಯ ಬುಷ್ಷು ಮಾಡತೊಡಗಿದ. ಅವನ ಕೈಯ ಹೆಸರು ಕೇಳಿ, ಮಳೆಗಾಲದ ಹೊತ್ತಿಗೆ ಒಂದು ಜಿನ್ನಿನ ಹೆಡ್ ಫಿಟರ್ ಹುಡುಕಿಕೊಂಡು ಬಂದ. ಹತ್ತಿಯ ಹಂಗಾಮು ಶುರುವಾಗುವ ಮೊದಲು ಎಲ್ಲ ಯಂತ್ರಗಳ ಶಾಫ್ಟುಗಳನ್ನೂ, ಅಂದರೆ ತಿರುಗುವ ದಂಡಗಳನ್ನೂ, ಹೊಸದಾಗಿ ಮಾಡಿಸಬೇಕಿತ್ತು. ಪರೀಕ್ಷೆಗೆಂದು ಒಂದು ಶಾಫ್ಟು ಮಾಡಿಕೊಡು, ಸರಿ ಬಂದರೆ ಉಳಿದವೆಲ್ಲ ನಿನಗೇ ಎಂದ. ಅಷ್ಟು ಕೆಲಸ ಸಿಕ್ಕರೆ ಮನೆ ನಿಂತಂತೆಯೇ.

ವಿರೂಪಾಕ್ಷಪ್ಪ ಶಾಫ್ಟು ಮಾಡಿ ಕೊಟ್ಟ. ಕೆಲವು ದಿನಕ್ಕೆ ಹೆಡ್ ಫಿಟರ್ ಅದನ್ನು ತಂದು ಕಟ್ಟೆಯ ಮೇಲಿಟ್ಟ. ಶಾಫ್ಟು ಕೂತ ಬೇರಿಂಗು ಹೊಗೆಯಾಡುವಷ್ಟು ಕಾದಿತ್ತಂತೆ. ಅವನು ಕೆಟ್ಟವನಲ್ಲ. ಬೇಸರದಿಂದಲೇ ಹೇಳಿದ. "ನಿನ್ನ ಕೈ ಕೆಲಸ ಅಂತ ಮಾಲಕರ ಮುಂದ ನಾ ಜಬಾಬ್ದಾರಿ ತಗೊಂಡಿದ್ದೆ, ವಿರೂಪಾಕ್ಷಪ್ಪ. ಇನ್ನೊಂದ ಸಲಾ ಮಾಡಿ ಕೊಡು. ಅದೂ ಕೆಟ್ರ ಮುಂದ ನನ್ನ ಕೈಯಾಗ ಏನೂ ಇಲ್ಲ."

ಸುದ್ದಿ ತಿಳಿದು ನಾನು ಹೋದೆ. ಅಳೆದು ನೋಡಿದರೆ ಶಾಫ್ಟು ಟೇಪರ್ ಆಗಿತ್ತು. ಬೆಡ್ಡಿನ ಮೇಲೆ ರಸಮಟ್ಟ ಇಟ್ಟೆ. ಚಕ್ಕಿನ ಕಡೆ ಒಂದು ತೋರಿಸಿತು, ಬೀದಿಯ ಕಡೆ ಇನ್ನೊಂದು ತೋರಿಸಿತು. ಬೋಲ್ಟು ಸಡಿಲಿಸಿ, ತಗಡು ಬದಲಿಸಿ, ಮತ್ತೆ ಸರಿಮಾಡಿ ಬಂದೆ. ಮುಂದಿನ ಸಲ ಹೋಗಿ ನೋಡಿದರೆ ಮತ್ತೆ ತಿರುಚಿಕೊಂಡಿತ್ತು. ಆಗ ನನಗೆ ಮಿಸ್ತ್ರಿಯವರ ಮಾತು ನೆನಪಾಯಿತು. ವಿರೂಪಾಕ್ಷಪ್ಪ ಸೊಟ್ಟ ಕಾಲಿನವನು, ದಣಿದಾಗ ಬೆಡ್ಡಿಗೇ ಮೈಭಾರ ಹಾಕಿ ನಿಲ್ಲುತ್ತಿದ್ದ. ಅದೇ ಕಾರಣವಿರಬೇಕು ಎಂದುಕೊಂಡು ಬಡಿಗರಿಂದ ಎತ್ತರದ ಮಣೆ ಮಾಡಿಸಿದೆ. ಅವನು ಕುಳಿತು ಹೆರೆದ. ಟೇಪರ್ ಹೋಗಲಿಲ್ಲ.

ನನ್ನ ಆ ಊಹೆಯಿಂದ ಒಂದು ಕೆಡುಕಾಯಿತು. ತಪ್ಪು ತನ್ನದೇ ಎಂದು ವಿರೂಪಾಕ್ಷಪ್ಪನಿಗೆ ಖಾತ್ರಿಯಾಗಿಬಿಟ್ಟಿತು. ಲೇಥಿನ ಮುಂದೆ ಹೋಗುವುದನ್ನೇ ನಿಲ್ಲಿಸಿದ. ಗೋಡೆಗೆ ಒರಗಿ ತನ್ನ ಅಂಗೈ ನೋಡುತ್ತ ಕೂರುತ್ತಿದ್ದ.

"ಮೊದಲ ಕಾಲ ಹೋತು. ಈಗ ಕೈನೂ ಹೋತ್ರಿ ರಾಯರ."

"ಕೈ ಎಲ್ಲೂ ಹೋಗಿಲ್ಲೋ ಮಾರಾಯಾ. ನನಗಿನ್ನೂ ಕಾರಣ ಸಿಕ್ಕಿಲ್ಲ, ಅಷ್ಟ," ಎಂದೆ. ಕಲ್ಲವ್ವ ಗಾಲಿಯ ಹಿಡಿಕೆಗೆ ಸುಮ್ಮನೆ ಎಣ್ಣೆ ಹಚ್ಚುತ್ತಿದ್ದಳು.

ಮುಂದಿನ ರಜೆಗೆ ಹೋದಾಗ ಜೋರು ಮಳೆ. ಬೀದಿಯ ಬಾಗಿಲು ತೆರೆಯಲೊಲ್ಲದು. ಭುಜ ಕೊಟ್ಟು ದೂಡಿದೆ. ಗುರುಸಿದ್ಧವ್ವ ಅಡುಗೆಮನೆಯಿಂದ ಕೂಗಿದರು.

"ತಡಿಯೋ ತಮ್ಮಾ, ಬಾಗಲಾ ಮುರದೀಯ! ಮಳಿಗಾಲದಾಗ ಅದು ಹಂಗ."

ಹೇಗೋ ಒಳಗೆ ಬಂದು ತಲೆ ಒರೆಸಿಕೊಳ್ಳುತ್ತ ಕೇಳಿದೆ. "ಕಟಗಿ ಉಬ್ಬತದೇನ್ರಿ?"

"ಕಟಗಿ ಅಲ್ಲೋ, ಹೊಸ್ತಲಾ ಮ್ಯಾಲ ಏಳತೈತಿ. ಬ್ಯಾಸಗಿ ಬಂದ್ರ ಮತ್ತ ಇಳೀತೈತಿ. ನಾ ಈ ಮನಿಗೆ ಸೊಸಿ ಆಗಿ ನಡಿಯಾಕ ಬಂದಾಗಿಂದ ನೋಡಾಕತ್ತೇನಿ."

ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಕಡೆಯ ಎರೆಮಣ್ಣು ಯಾರಿಗೆ ಗೊತ್ತಿಲ್ಲ? ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ರೊಟ್ಟಿಯಂತೆ ಉಬ್ಬುತ್ತದೆ. ಹೊಲದಲ್ಲಿ ನಡೆಯುವಾಗ ಅದು ಎಲ್ಲರ ಕಾಲಿಗೂ ಅಂಟುತ್ತದೆ. ಮನೆಯ ಹಾಸುಗಲ್ಲಿನ ಕೆಳಗೂ ಅದೇ ಮಣ್ಣಿದೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಬೀದಿಯ ಕಡೆಯ ಗೋಡೆಯಿಂದ ನೀರು ಒಳಗಿಳಿದು, ಆ ಕಡೆಯ ನೆಲ ಏಳುತ್ತಿತ್ತು. ನೆಲದ ಜೊತೆಗೆ ಲೇಥಿನ ಒಂದು ಕಾಲೂ ಏಳುತ್ತಿತ್ತು.

"ವಿರೂಪಾಕ್ಷಿ, ನಿನ್ನ ಕೈ ಸರಿ ಅದ. ನೆಲಾ ಏಳಾಕತ್ತದ," ಎಂದು ಕೂಗಿದೆ.

ಅವನು ಎದ್ದು ಕುಂಟುತ್ತ ಬಂದ. ನಾನು ಗುರುಸಿದ್ಧವ್ವನವರನ್ನು ಕೇಳಿದೆ. "ಅವ್ವಾರ, ನಿಮ್ಮ ಖೋಲಿ ಬಾಗಲಾನೂ ಹಿಂಗ ಹಿಡೀತದೇನ್ರಿ?"

"ಅದ್ಯಾಕ ಹಿಡೀತೈತಿ? ಅದು ಗರಸಿನ ಮ್ಯಾಲ ಐತಿ. ಅಲ್ಲೆ ಖಾರಾ ಕುಟ್ಟೂ ಒಳ್ಳ ಹುಗಿಯಾಕ ಹೋದಾಗ ಹಾರಿ ತುದಿ ಮುರದಿತ್ತು."

ಗರಸು ಎಂದರೆ ಎರೆಮಣ್ಣಿನ ಕೆಳಗಿರುವ ಕಲ್ಲಿನಂಥ ಗಟ್ಟಿ ನೆಲ. ಹಿಂದಿನ ಕೋಣೆ ದಿನ್ನೆಯ ಮೇಲಿದ್ದುದರಿಂದ ಅಲ್ಲಿ ಗರಸು ಕೈಗೆಟುಕುವಷ್ಟು ಮೇಲೇ ಇತ್ತು. ಲೇಥು ಕದಲದೆ ನಿಲ್ಲುವ ಜಾಗ ಆ ಮನೆಯಲ್ಲಿ ಅದೊಂದೇ. ನಾನು ವಿರೂಪಾಕ್ಷಪ್ಪನ ಮುಖ ನೋಡಿದೆ. ಅವನು ಬೇಡ ಎಂಬಂತೆ ಮೆಲ್ಲಗೆ ತಲೆಯಾಡಿಸಿದ.

ಮಳೆ ನಿಂತ ಮೇಲೆ ಓಣಿಯ ಕೊನೆಯವರೆಗೂ ನನ್ನ ಜೊತೆ ಬಂದ. "ಆ ಮಾತ ಮಾತ್ರ ಎತ್ತಬ್ಯಾಡ್ರಿ ರಾಯರ. ಅಪ್ಪ ಆ ಖೋಲ್ಯಾಗ ತೀರಕೊಂಡ. ಅವ್ವ ನನ್ನ ಹಡದದ್ದೂ ಅಲ್ಲೇ. ದೇವರ ಜಗಲಿ ಅಲ್ಲೈತಿ. ಆಕೀನ್ನ ಅಲ್ಲಿಂದ ಎಬ್ಬಿಸಿ ನಾ ಬದುಕೂದು ಬ್ಯಾಡ."

ಹಾಗಾದರೆ ಪಡಸಾಲೆಯನ್ನೇ ಅಗೆದು ಗರಸು ಹಿಡಿಯೋಣವೇ ಎಂದು ಬಾವಿ ತೋಡುವವರನ್ನು ಕರೆಸಿ ಕೇಳಿದೆ. ಅವರು ಅಂಗಳದಲ್ಲಿ ಹಾರೆ ಇಳಿಸಿ ನೋಡಿದರು. ಹಾರೆ ಪೂರ್ತಿ ಮುಳುಗಿದರೂ ಮೆತ್ತಗಿನ ಮಣ್ಣೇ. ಮಳೆಗಾಲದಲ್ಲಿ ಇಷ್ಟು ಆಳ ಅಗೆದರೆ ಗೋಡೆ ಕುಸಿಯುತ್ತದೆ ಎಂದು ಹೇಳಿ ಹೋದರು. ನನಗೆ ಬೇರೆ ಉಪಾಯ ತೋಚಲಿಲ್ಲ. ಆ ವಾರವೆಲ್ಲ ಕಾರ್ಖಾನೆಯಲ್ಲಿ ನನ್ನ ಮನಸ್ಸು ಕೆಲಸದಲ್ಲಿರಲಿಲ್ಲ.

ಮುಂದಿನ ರಜೆಗೆ ಹೋದಾಗ ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ, ಲೇಥಿಗೂ ಗೋಡೆಗೂ ನಡುವೆ ಉಳಿದ ಸಂದಿನಲ್ಲಿ, ಗುರುಸಿದ್ಧವ್ವನವರ ಹಾಸಿಗೆ ಸುರುಳಿ, ಟ್ರಂಕು, ಎಲೆಯಡಿಕೆಯ ಚೀಲ. ಅವರು ನಡುವೆ ಕುಳಿತು ಬೀದಿ ನೋಡುತ್ತಿದ್ದರು. ವಿರೂಪಾಕ್ಷಪ್ಪ ಎದುರಿಗೆ ನಿಂತು ಅವರ ಜೊತೆ ವಾದಕ್ಕೆ ಬಿದ್ದಿದ್ದ.

"ನೋಡ್ರಿ ರಾಯರ, ಮುಂಜಾನಿಂದ ಇದ ನಡದೈತಿ. ಎಷ್ಟ ಹೇಳಿದ್ರೂ ಏಳವಲ್ಲಳು."

"ಯಾಕ ಏಳಬೇಕು?" ಎಂದರು ಅವರು. "ಒಳಗ ಕತ್ತಲಿ. ಮುಪ್ಪಿನ ಕಾಲಕ್ಕ ನಾಕ ಮಂದಿ ಮಾರಿ ಕಾಣೂ ಜಾಗಾದಾಗ ಇರತೇನಿ."

"ಅವ್ವಾ, ಇಲ್ಲೆ ನೆಲಾ ಸರಿ ಇಲ್ಲ. ಮಳಿಗಾಲದಾಗ ಏಳತೈತಿ."

"ಏಳಲಿ, ಇಳೀಲಿ. ನಾ ಏನ ಟೇಪರ್ ಹೊಡಿಯಾಕಿ ಅದೇನೇನೋ?"

ಆ ಮಾತು ಅವರ ಬಾಯಲ್ಲಿ ಕೇಳಿ ಕಲ್ಲವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಮಳೆಗಾಲವೆಲ್ಲ ನಾವು ಆ ಶಬ್ದವನ್ನು ಎಷ್ಟು ಸಲ ಆಡಿದ್ದೆವೋ, ಅವರು ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ವಿರೂಪಾಕ್ಷಪ್ಪನೂ ನಗಲು ಹೋದ. ನಗು ಅರ್ಧಕ್ಕೇ ನಿಂತು, ಅವನ ಕಣ್ಣು ತುಂಬಿ ಬಂತು.

"ಅಪ್ಪ ಇದ್ದ ಖೋಲಿ ಅವ್ವಾ ಅದು. ಜಗಲಿ ಐತಿ."

ಗುರುಸಿದ್ಧವ್ವ ಆಗ ದನಿ ತಗ್ಗಿಸಿದರು. "ನನ್ನ ಲಿಂಗ ನನ್ನ ಎದಿ ಮ್ಯಾಲ ಐತಿ. ಜಗಲಿ ಎಲ್ಲೆ ಇಟ್ರೂ ನಡೀತೈತಿ. ನಿಮ್ಮಪ್ಪ ಇದ್ದಿದ್ರ ನನಕಿಂತ ಮೊದಲ ಹಾಸಿಗಿ ಸುತ್ತತಿದ್ರು. ಮಗನ ಕೈ ನಿಂತ ಮ್ಯಾಲ ನಾ ಖೋಲಿ ಇಟಗೊಂಡು ಏನ ಮಾಡ್ಲೋ?" ಆಮೇಲೆ ನನ್ನ ಕಡೆ ತಿರುಗಿದರು. "ತಮ್ಮಾ, ಆ ಖೋಲಿ ಗ್ವಾಡ್ಯಾಗಿನ ದೀಪದ ಮಾಡ ಒಂದ ಮುಚ್ಚಬ್ಯಾಡ್ರಿ. ಸಂಜೀಕ ಅಲ್ಲೆ ದೀಪಾ ಹಚ್ಚೂದು ನಡೀಲಿ."

ನಾನು ಆಗಲಿ ಎಂದೆ.

ಕೋಣೆಯ ನೆಲ ಅಗೆದೆವು. ಮೊಳದಷ್ಟು ಇಳಿಯುವಷ್ಟರಲ್ಲಿ ಗುದ್ದಲಿ ಠಣ್ ಎಂದಿತು. ಗರಸು. ಅದರ ಮೇಲೆ ಕಲ್ಲು ಕೂರಿಸಿ ಗಾರೆಯಿಂದ ಒಂದು ದಿಂಡು ಕಟ್ಟಿಸಿದೆ. ದಿಂಡಿಗೂ ಸುತ್ತಲಿನ ನೆಲಕ್ಕೂ ತಾಗದಂತೆ ನಡುವೆ ಸಂದು ಬಿಡಿಸಿ ಮರಳು ತುಂಬಿಸಿದೆ. ಗಾರೆ ಒಣಗಿ ಬಿರಿಯದಂತೆ ಕಲ್ಲವ್ವ ದಿನಾಲೂ ಒದ್ದೆ ಗೋಣಿ ಹೊದಿಸಿದಳು. ಗಾರೆ ಗಟ್ಟಿಯಾಗುವವರೆಗೆ ಕಾಯುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಹಂಗಾಮು ಹತ್ತಿರ ಬರುತ್ತಿತ್ತು, ಹೆಡ್ ಫಿಟರ್ ಎರಡು ಸಲ ಬಂದು ಇಣುಕಿ ಹೋಗಿದ್ದ. ಆದರೆ ಹಸಿ ಗಾರೆಯ ಮೇಲೆ ಯಂತ್ರ ಇಟ್ಟರೆ ಮಾಡಿದ್ದೆಲ್ಲ ಮಣ್ಣುಪಾಲು. ಕೊನೆಗೆ ಬಾಗಿಲ ಚೌಕಟ್ಟು ಕಿತ್ತು, ಮೆಟ್ಟಿಲಿಗೆ ಹಲಗೆ ಹಾಸಿ, ಓಣಿಯವರೆಲ್ಲ ಕೈಗೂಡಿಸಿ ಲೇಥನ್ನು ಮೇಲೆ ಹತ್ತಿಸಿದರು.

ಅಂದಿನಷ್ಟು ನಿಧಾನವಾಗಿ ನಾನು ಎಂದೂ ಕೆಲಸ ಮಾಡಿಲ್ಲ. ಮೊದಲು ಬೋಲ್ಟು ಬಿಗಿಯದೆ ಲೇಥು ತನ್ನ ಭಾರದಿಂದಲೇ ಕೂರಲಿ ಎಂದು ಬಿಟ್ಟೆ. ಆಮೇಲೆ ಚಕ್ಕಿನ ಕಡೆ ಮಟ್ಟ ನೋಡಿ, ಇನ್ನೊಂದು ತುದಿಯನ್ನು ಅದಕ್ಕೆ ಹೊಂದಿಸಿದೆ. ಒಂದು ಬೋಲ್ಟು ಸ್ವಲ್ಪ ಬಿಗಿದರೆ ಗುಳ್ಳೆ ನೋಡುವುದು, ಎದುರಿನದನ್ನು ಸ್ವಲ್ಪ ಬಿಗಿದು ಮತ್ತೆ ನೋಡುವುದು. ಹಿತ್ತಾಳೆಯ ತೆಳು ತಗಡೂ ದಪ್ಪವಾಯಿತು ಎನ್ನಿಸಿದ ಕಡೆ ಕಾಗದದ ತುಂಡು ಕೊಟ್ಟೆ. ಹೊಸಬರು ಇದನ್ನು ಗಮನಿಸಬೇಕು. ಬೋಲ್ಟನ್ನು ಜೋರಿನಿಂದ ಬಿಗಿದು ಬೆಡ್ಡನ್ನು ದಾರಿಗೆ ತರುತ್ತೇನೆ ಎಂದರೆ ಅದು ಆ ಕ್ಷಣಕ್ಕೆ ಬರುತ್ತದೆ, ಮರುದಿನ ತನ್ನ ಹಟ ತೋರಿಸುತ್ತದೆ. ಕಾಲಿನ ಕೆಳಗೆ ಸರಿಯಾಗಿ ಆಸರೆ ಕೊಟ್ಟು, ಆಮೇಲೆ ಬೋಲ್ಟಿನಿಂದ ಹಿಡಿದುಕೊಳ್ಳಬೇಕು.

ಗುಳ್ಳೆ ಎರಡೂ ಕಡೆ ಒಂದೇ ಗೆರೆಯಲ್ಲಿ ನಿಂತಿತು. ಚಕ್ಕಿಗೆ ದಪ್ಪ ಸರಳು ಹಿಡಿಸಿ ವಿರೂಪಾಕ್ಷಪ್ಪನನ್ನು ಕರೆದೆ. ಅವನು ಬಾಗಿಲಲ್ಲೇ ನಿಂತ.

"ನೀವ ಹೆರೀರಿ ರಾಯರ."

"ಟರ್ನರ್ ನೀನೋ ನಾನೋ?"

ಕಲ್ಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಲಿಯ ಹಿಡಿಕೆ ಹಿಡಿದಳು. "ನಾ ತಿರವತೇನಿ. ನೀವು ಬಂದು ನಿಂದರ್ರಿ," ಎಂದಳು. ಗಾಲಿ ತಿರುಗಲು ಶುರುವಾಯಿತು. ತಿರುಗುವ ಲೇಥನ್ನು ನೋಡುತ್ತ ದೂರ ನಿಲ್ಲುವುದು ಅವನಿಂದಾಗಲಿಲ್ಲ. ಬಂದು ಉಳಿ ಕೊಟ್ಟ. ತೆಳ್ಳನೆಯ ಎಳೆ ಸುರುಳಿ ಸುರುಳಿಯಾಗಿ ಇಳಿಯಿತು. ಎರಡೂ ತುದಿ ಹೆರೆದಾದ ಮೇಲೆ ಅವನೇ ಮೈಕ್ರೋಮೀಟರ್ ಹಚ್ಚಿ ಅಳೆದ. ಮತ್ತೆ ಅಳೆದ. ನನ್ನ ಕೈಗೆ ಕೊಟ್ಟು, "ನೀವೊಮ್ಮೆ ನೋಡ್ರಿ," ಎಂದ. ನೋಡಿದೆ. ಆ ತುದಿಗೂ ಈ ತುದಿಗೂ ಎಳ್ಳಷ್ಟೂ ಫರಕು ಇರಲಿಲ್ಲ.

ಅವನು ಎಣ್ಣೆ ಮೆತ್ತಿದ ತನ್ನ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ.

ಪಡಸಾಲೆಯಿಂದ ಗುರುಸಿದ್ಧವ್ವ ಕೂಗಿದರು. "ಏನಾತೋ?"

"ಕೈ ಐತವ್ವಾ!" ಎಂದು ಅವನು ಅಲ್ಲಿಂದಲೇ ಕಿರುಚಿದ. "ನನ್ನ ಕೈ ಐತಿ!"

ಎರಡನೆಯ ಶಾಫ್ಟು ಜಿನ್ನಿಗೆ ಹೋಯಿತು. ಹೆಡ್ ಫಿಟರ್ ಮರುವಾರ ಬಂದು ಹೇಳಿದ. ಯಂತ್ರ ಮುಂಜಾನೆಯಿಂದ ಓಡುತ್ತಿರುವಾಗ ಬೇರಿಂಗಿನ ಮೇಲೆ ಅಂಗೈ ಇಟ್ಟನಂತೆ, ಕೈ ತೆಗೆಯಬೇಕು ಎನ್ನಿಸಲೇ ಇಲ್ಲವಂತೆ. ಬದಲಿಸಬೇಕಿದ್ದ ಉಳಿದ ಹಳೆಯ ಶಾಫ್ಟುಗಳನ್ನು ಅಳತೆಗೆಂದು ಅವನು ಚಕ್ಕಡಿಯಲ್ಲಿ ಹೇರಿಕೊಂಡೇ ಬಂದಿದ್ದ. ಮುಂದಿನ ಮಳೆಗಾಲಕ್ಕೆ ನಾನು ಹೋಗಿ ರಸಮಟ್ಟ ಇಟ್ಟೆ. ಗುಳ್ಳೆ ಕದಲಿರಲಿಲ್ಲ.

ಅಲ್ಲಿಂದ ಮುಂದೆ ಯಾರ ಮನೆಗೆ ಹೋದರೂ ನನ್ನ ಪದ್ಧತಿ ಬದಲಾಯಿತು. ಬೈರಿದೇವರಕೊಪ್ಪದಲ್ಲಾಗಲಿ, ಧಾರವಾಡದಲ್ಲಾಗಲಿ, ಮೊದಲು ಹಾರೆ ಹಾಕಿಸಿ ನೆಲದ ಕೆಳಗೇನಿದೆ ಎಂದು ನೋಡುತ್ತಿದ್ದೆ. ಬಾಗಿಲು ಯಾವಾಗ ಹಿಡಿಯುತ್ತದೆ, ಗೋಡೆ ಎಲ್ಲಿ ಬಿರಿಯುತ್ತದೆ ಎಂದು ಮನೆಯ ಹೆಂಗಸರನ್ನು ಕೇಳುತ್ತಿದ್ದೆ. ಇನ್ನೊಂದು ಮಾತನ್ನೂ ಕೇಳುತ್ತಿದ್ದೆ. ಯಂತ್ರ ಇಡುವ ಜಾಗದಲ್ಲಿ ಇಷ್ಟು ದಿನ ಯಾರು ಇದ್ದರು, ಅವರು ಇನ್ನು ಎಲ್ಲಿ ಇರುತ್ತಾರೆ ಎಂದು. ಮನೆಯೊಳಗೆ ಒಂದು ಲೇಥು ಬಂತೆಂದರೆ ಯಾರಾದರೂ ಒಬ್ಬರು ಸರಿದು ಜಾಗ ಕೊಟ್ಟೇ ಇರುತ್ತಾರೆ. ಅವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ನನಗೆ ಕಾರ್ಖಾನೆಯಲ್ಲಿ ಹೊಣೆ ಹೆಚ್ಚಾಗಿ, ಗೋಪನಕೊಪ್ಪಕ್ಕೆ ಹೋಗುವುದು ಕಡಿಮೆಯಾಯಿತು. ಯುದ್ಧ ಮುಗಿದ ಮೇಲೆ ಒಂದು ಮುಂಜಾನೆ ಆ ಕಡೆ ಕೆಲಸವಿತ್ತೆಂದು ಹೋದೆ. ವಿರೂಪಾಕ್ಷಪ್ಪನ ಕಾಲು ಇನ್ನಷ್ಟು ಕೆಟ್ಟು, ನಿಲ್ಲುವುದೇ ಆಗದು ಎಂದು ಕೇಳಿದ್ದೆ. ಲೇಥು ನಿಂತಿರಬಹುದು, ಏನು ಹೇಳಿ ಸಮಾಧಾನ ಮಾಡಲಿ ಎಂದುಕೊಳ್ಳುತ್ತ ಓಣಿ ಹೊಕ್ಕೆ. ಹೊರಗಿನಿಂದಲೇ ಉಳಿಯ ಸದ್ದು ಕೇಳಿಸಿತು.

ಬೆಳಕಿಗೆಂದು ಹಿಂದಿನ ಕೋಣೆಗೆ ಆಮೇಲೆ ತೆರೆಸಿದ್ದ ಕಿಟಕಿಯಲ್ಲಿ ಇಣುಕಿ ನೋಡಿದೆ. ವಿರೂಪಾಕ್ಷಪ್ಪ ಮಣೆಯ ಮೇಲೆ ಕುಳಿತು ಎರಡೂ ಕೈಯಿಂದ ಗಾಲಿ ತಿರುಗಿಸುತ್ತಿದ್ದ. ಲೇಥಿನ ಮುಂದೆ ನಿಂತವಳು ಕಲ್ಲವ್ವ. ಕಚ್ಚೆ ಬಿಗಿದು, ಬಳೆಗಳನ್ನು ಮೊಣಕೈಗೆ ಸರಿಸಿ, ಉಳಿಯ ತುದಿಯ ಮೇಲೆ ಕಣ್ಣು ನೆಟ್ಟಿದ್ದಳು. ಅವನು ಆಗಾಗ "ಸಾವಕಾಶ, ಸಾವಕಾಶ" ಎನ್ನುತ್ತಿದ್ದ. ಆಕೆ ಉತ್ತರ ಕೊಡುವಷ್ಟೂ ಬಿಡುವಿನಲ್ಲಿರಲಿಲ್ಲ. ಅವರನ್ನು ಕರೆಯಲು ನನಗೆ ಮನಸ್ಸಾಗಲಿಲ್ಲ. ಸುತ್ತಿ ಮುಂಬಾಗಿಲಿಗೆ ಬಂದೆ.

ಪಡಸಾಲೆಯಲ್ಲಿ ಗುರುಸಿದ್ಧವ್ವ ಕಾಲು ಚಾಚಿ ಕುಳಿತಿದ್ದರು. ಅವರ ಮುಂದೆ ಯಾವುದೋ ಊರಿನ ಗಿರಣಿಯವನೊಬ್ಬ ಮುರಿದ ಶಾಫ್ಟು ಹೆಗಲ ಮೇಲೆ ಹೊತ್ತು ನಿಂತಿದ್ದ. ಅವಸರದಲ್ಲಿದ್ದ.

"ಟರ್ನರ್ ಎಲ್ಲಿ ಅದಾನಬೇ ಅವ್ವಾ? ಲಗೂ ಕರೀರಿ," ಎಂದ.

ಗುರುಸಿದ್ಧವ್ವ ತಮ್ಮ ಹಾಸಿಗೆಯನ್ನು ಒಂದಿಷ್ಟು ಒತ್ತಟ್ಟಿಗೆ ಎಳೆದು, ಪಕ್ಕದ ನೆಲವನ್ನು ಕೈಯಿಂದ ಒರೆಸಿದರು.

"ಅವಸರಾ ಮಾಡಬ್ಯಾಡಪಾ. ಇಲ್ಲೆ ಕುಂಡ್ರು," ಎಂದರು. "ನನ್ನ ಸೊಸಿ ಕೆಲಸದಾಗ ಅದಾಳ."